ಬೂಷ್ಟು ಸತ್ತರೂ ಉಳಿಯುವ ಸಕ್ಕರೆ

ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ಉಡುಪಿ ಜಿಲ್ಲೆಯಲ್ಲಿ ಬೂಷ್ಟು ಯಾರಿಗೂ ಅಪರಿಚಿತವಲ್ಲ. ಕಾರ್ಕಳದ ಅಟ್ಟದ ಅಡಿಕೆ, ಕಾಪುವಿನ ಕೊಟ್ಟಿಗೆಯ ಬೈಹುಲ್ಲು, ಮಣಿಪಾಲದ ಬಾಡಿಗೆ ಕೋಣೆಯ ಗೋಡೆ, ಎಲ್ಲವೂ ಆಟಿ ತಿಂಗಳು ಕಳೆಯುವುದರೊಳಗೆ ಬೂಷ್ಟು ಹಿಡಿದಿರುತ್ತವೆ. ಜನರು ಒರೆಸಿ ಮರೆಯುವ ಈ ಪುಡಿಯನ್ನು ಶ್ವಾಸಕೋಶ ಮಾತ್ರ ಮರೆಯುವುದಿಲ್ಲ.

ಬೂಷ್ಟಿನ ಕೋಶಭಿತ್ತಿ ಬಹುಪಾಲು ಸಕ್ಕರೆಯ ಸರಪಣಿಗಳಿಂದಾದುದು. ಅವುಗಳಲ್ಲಿ ಮುಖ್ಯವಾದ ಬೀಟಾ-ಗ್ಲುಕಾನನ್ನು ಮಾನವದೇಹ ತಯಾರಿಸುವುದಿಲ್ಲ. ಹಾಗಾಗಿ ದೇಹಕ್ಕೆ ಅದು ಪರಕೀಯರ ಗುರುತು. ರಕ್ಷಣಾಕೋಶಗಳ ಮೇಲಿನ ಡೆಕ್ಟಿನ್-1 ಎಂಬ ಗ್ರಾಹಕವು ಈ ಸಕ್ಕರೆಯನ್ನು ಗುರುತಿಸುತ್ತದೆಂದು ಆಕ್ಸ್‌ಫರ್ಡಿನ ಸಂಶೋಧಕರು 2001ರಲ್ಲಿ ತೋರಿಸಿದರು. ಆಸ್ಪರ್ಜಿಲಸ್ ಫ್ಯೂಮಿಗೇಟಸ್ ಎಂಬ ಬೂಷ್ಟಿನ ಒಣ ಬೀಜಕಣಗಳು ಪ್ರೋಟೀನಿನ ಹೊದಿಕೆಯಿಂದ ತಮ್ಮ ಗುರುತನ್ನು ಮರೆಮಾಚುತ್ತವೆಂಬುದು 2009ರಲ್ಲಿ ಪ್ಯಾರಿಸಿನ ಪಾಶ್ಚರ್ ಸಂಸ್ಥೆಯ ಅಧ್ಯಯನದಿಂದ ತಿಳಿಯಿತು. ತೇವ ಸಿಕ್ಕಿ ಬೀಜಕಣ ಮೊಳೆಯತೊಡಗಿದೊಡನೆ ಹೊದಿಕೆ ಕಳಚಿ ಸಕ್ಕರೆ ಬಯಲಾಗುತ್ತದೆ. ದೇಹದ ಕಾವಲು ಎಚ್ಚರಗೊಳ್ಳುತ್ತದೆ.

ಆರೋಗ್ಯವಂತರಲ್ಲಿ ಈ ಎಚ್ಚರವೇ ರಕ್ಷೆ. ಆದರೆ ದಿನವಿಡೀ ಬೂಷ್ಟು ಹಿಡಿದ ಹುಲ್ಲು ಕೊಡವುವವರಲ್ಲಿ, ಅಡಿಕೆ ಸುಲಿಯುವವರಲ್ಲಿ ಅದು ಮತ್ತೆ ಮತ್ತೆ ಕೆರಳಿ, ಉಬ್ಬಸಕ್ಕೂ ಶ್ವಾಸಕೋಶದ ಉರಿಯೂತಕ್ಕೂ ದಾರಿಯಾಗಬಲ್ಲುದು. ಅವರ ಕೆಮ್ಮನ್ನು ಮಳೆಗಾಲದ ಸಹಜ ಕೆಮ್ಮೆಂದು ತಳ್ಳಿಹಾಕುವುದು ಅನ್ಯಾಯ.

ಶಿಲೀಂಧ್ರನಾಶಕ ಸಿಂಪಡಿಸಿದರೆ ಎಲ್ಲವೂ ಮುಗಿಯಿತೆಂಬ ನಂಬಿಕೆಯೂ ಇಲ್ಲಿ ಸುಳ್ಳಾಗುತ್ತದೆ. ಸತ್ತ ಬೂಷ್ಟಿನ ಪುಡಿಯಲ್ಲಿಯೂ ಆ ಸಕ್ಕರೆ ಉಳಿದಿರುತ್ತದೆ. ದೇಹದ ಕಾವಲನ್ನು ಕೆರಳಿಸಲು ಬೂಷ್ಟು ಜೀವಂತವಾಗಿರಬೇಕೆಂದಿಲ್ಲ. ಇದಕ್ಕಿಂತ ದೊಡ್ಡ ಅಪಾಯ ತೋಟದಲ್ಲಿದೆ. ಅಡಿಕೆಯ ಎಲೆಚುಕ್ಕೆ ರೋಗಕ್ಕೆ ಸಿಂಪಡಿಸುವ ಪ್ರೊಪಿಕೊನಜೋಲ್, ಆಸ್ಪರ್ಜಿಲಸ್ ಸೋಂಕಿಗೆ ವೈದ್ಯರು ಕೊಡುವ ವೊರಿಕೊನಜೋಲ್, ಇವೆರಡೂ ಒಂದೇ ಕುಟುಂಬದವು. ತೋಟದಲ್ಲಿ ಮೊದಲನೆಯದಕ್ಕೆ ಬಗ್ಗದೆ ಉಳಿದ ಬೂಷ್ಟು ಆಸ್ಪತ್ರೆಯಲ್ಲಿ ಎರಡನೆಯದಕ್ಕೂ ಬಗ್ಗದಿರಬಹುದು. ಇಂಥ ನಿರೋಧಕ ಆಸ್ಪರ್ಜಿಲಸ್ ಭಾರತದ ಪರಿಸರದಲ್ಲಿರುವುದು 2012ರಲ್ಲಿಯೇ ವರದಿಯಾಗಿದೆ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಈ ಶಿಲೀಂಧ್ರವನ್ನು ಅತ್ಯಂತ ಅಪಾಯಕಾರಿಗಳ ಸಾಲಿಗೆ ಸೇರಿಸಿತು.

ಎಲೆಚುಕ್ಕೆಯಿಂದ ಕಂಗೆಟ್ಟ ಬೆಳೆಗಾರರಿಗೆ ಸಿಂಪಡಣೆಯೇ ಬೇಡವೆನ್ನುವುದು ಸುಲಭ, ಆದರೆ ನ್ಯಾಯವಲ್ಲ. ರೋಗ ಖಚಿತವಾದಾಗ ಮಾತ್ರ, ಹೇಳಿದ ಪ್ರಮಾಣದಲ್ಲಿ ಮಾತ್ರ ಸಿಂಪಡಿಸುವ ಸಂಯಮವಾದರೂ ಬೇಕು. ಅಡಿಕೆ, ಹುಲ್ಲುಗಳು ಚೆನ್ನಾಗಿ ಒಣಗಿದ ಮೇಲೆಯೇ ಅಟ್ಟ ಸೇರಬೇಕು, ಅಟ್ಟಕ್ಕೆ ಗಾಳಿಯಾಡಬೇಕು. ಸುಲಿಯುವವರ ಮುಖಕ್ಕೆ ಒಳ್ಳೆಯ ಮುಖಗವಸು ಒದಗಿಸುವುದು ತೋಟದ ಯಜಮಾನರ ಹೊಣೆ. ಮಳೆಯನ್ನು ತಡೆಯಲಾಗದು, ತೇವ ಮನೆಯೊಳಗೆ ನೆಲೆಸದಂತೆ ನೋಡಿಕೊಳ್ಳಬಹುದು.