ತೇಲುವ ಮೀನು ಮುಳುಗುವುದೇಕೆ?

ತೇಲುವ ವಸ್ತುವನ್ನು ಮುಳುಗಿಸಲು ಭಾರ ಕಟ್ಟಬೇಕೆಂಬುದು ಸಾಮಾನ್ಯ ತಿಳಿವಳಿಕೆ. ಆದರೆ ಸಿಹಿನೀರಿನಲ್ಲಿ ಗಾಳ ಹಾಕುವವರು ಬಳಸುವ ಒಂದು ಬಗೆಯ ಹುಸಿಮೀನು ಬಿಟ್ಟರೆ ತೇಲುತ್ತದೆ, ದಾರದಿಂದ ಎಳೆದರೆ ಮುಳುಗುತ್ತದೆ, ಎಳೆತ ನಿಂತೊಡನೆ ಮೇಲಕ್ಕೇರುತ್ತದೆ. ಈ ಪುಟ್ಟ ಸಾಧನವು ನಮ್ಮ ಶಾಲಾ ಕಾಲೇಜುಗಳ ಪ್ರಯೋಗಶಾಲೆಯಲ್ಲಿ ಸ್ಥಾನ ಪಡೆಯಬೇಕೆಂಬುದು ನನ್ನ ಅಭಿಪ್ರಾಯ.

ಇದಕ್ಕೆ ಪ್ರಸಿದ್ಧಿ ತಂದವನು ಫಿನ್ಲೆಂಡಿನ ಬೆಸ್ತ ಲೌರಿ ರಾಪಾಲ. ದೊಡ್ಡ ಮೀನುಗಳು ಮರಿಗಳ ಹಿಂಡಿನಲ್ಲಿ ತಡವರಿಸುತ್ತ ಈಜುವ ಗಾಯಗೊಂಡ ಮೀನನ್ನೇ ಆರಿಸಿ ಹಿಡಿಯುವುದನ್ನು ಅವನು ಗಮನಿಸಿದನು. 1936ರಲ್ಲಿ ಬೆಂಡನ್ನು ಕೆತ್ತಿ, ತವರದ ಹಾಳೆ ಸುತ್ತಿ, ಕರಗಿಸಿದ ಛಾಯಾಚಿತ್ರದ ಫಿಲ್ಮನ್ನು ಲೇಪಿಸಿ, ಅದೇ ತಡವರಿಕೆಯನ್ನು ಅನುಕರಿಸುವ ಹುಸಿಮೀನನ್ನು ರಚಿಸಿದನು. ಅವನ ಪ್ರಯೋಗಶಾಲೆ ಸರೋವರವೇ ಆಗಿತ್ತು.

ಇದರ ರಹಸ್ಯವೇನು? ಹುಸಿಮೀನಿನ ಗಾತ್ರ 10 ಘನ ಸೆಂಟಿಮೀಟರು, ತೂಕ 6 ಗ್ರಾಂ ಎಂದು ಭಾವಿಸೋಣ. ಪೂರ್ಣವಾಗಿ ಮುಳುಗಿದಾಗ ಅದು 10 ಗ್ರಾಂ ನೀರನ್ನು ಪಲ್ಲಟಗೊಳಿಸುವುದರಿಂದ, 4 ಗ್ರಾಂ ತೂಕದಷ್ಟು ಬಲ ಅದನ್ನು ಮೇಲಕ್ಕೆ ತಳ್ಳುತ್ತದೆ. ಇದು ಆರ್ಕಿಮಿಡೀಸನ ತತ್ತ್ವ. ಮುಂದಿನದನ್ನು ಅದರ ಗಲ್ಲದಲ್ಲಿ ಓರೆಯಾಗಿ ಚಾಚಿರುವ ತುಟಿಯಂಥ ತಗಡು ಮಾಡುತ್ತದೆ. ಎಳೆದಾಗ ಎದುರಿನ ನೀರು ತಗಡಿಗೆ ಬಡಿದು ಮೇಲಕ್ಕೆ ತಿರುಗುತ್ತದೆ. ಅದರ ಪ್ರತಿಕ್ರಿಯೆಯು ಮೂತಿಯನ್ನು ಕೆಳಕ್ಕೆ ಒತ್ತುತ್ತದೆ. ಇದನ್ನು ತಲೆಕೆಳಗಾಗಿ ಹಾರುವ ಗಾಳಿಪಟವೆನ್ನಬಹುದು. ವೇಗ ಇಮ್ಮಡಿಯಾದರೆ ನೀರಿನ ಒತ್ತು ಸುಮಾರು ನಾಲ್ಮಡಿಯಾಗುತ್ತದೆ. ತೇಲಿಸುವ ಬಲವಾದರೋ ಬದಲಾಗದು. ಆಳಕ್ಕಿಳಿದಂತೆ ದಾರವು ಓರೆಯಾಗಿ ಮೇಲಕ್ಕೆಳೆಯುವುದರಿಂದ ಮುಳುಗುವಿಕೆಗೂ ಒಂದು ಮಿತಿಯುಂಟು. ತಗಡಿನ ಅಂಚುಗಳಿಂದ ಎಡಬಲಗಳಲ್ಲಿ ಸರದಿಯಾಗಿ ಕಳಚುವ ಸುಳಿಗಳು ಮೈಯನ್ನು ಓಲಾಡಿಸುತ್ತವೆ. ಈ ಕಂಪನವನ್ನು ಬೇಟೆಯ ಮೀನು ತನ್ನ ಪಕ್ಕೆಯ ಸಂವೇದನರೇಖೆಯಿಂದ ಅರಿಯುತ್ತದೆ. ಕೊರವ, ಬಾಳೆ ಮೀನುಗಳು ಇದಕ್ಕೆ ಮರುಳಾದಾವು. ನೀರಿನ ಸೂಕ್ಷ್ಮಜೀವಿಗಳನ್ನು ಸೋಸಿ ತಿನ್ನುವ ಕಾಟ್ಲಾ ಸಾಮಾನ್ಯವಾಗಿ ಇದರತ್ತ ತಿರುಗಿಯೂ ನೋಡದು.

ಚನ್ನಗಿರಿಯ ವಿದ್ಯಾರ್ಥಿಗೆ ಸೂಳೆಕೆರೆಯೂ ಹೊನ್ನಾಳಿಯವನಿಗೆ ತುಂಗಭದ್ರೆಯೂ ಹತ್ತಿರವಿವೆ. ನ್ಯಾಮತಿಯ ಸೀಮೆಯಲ್ಲಿಯೂ ಕೆರೆಗಳುಂಟು. ಆದರೂ ಆರ್ಕಿಮಿಡೀಸನ ತತ್ತ್ವವನ್ನು ತಪ್ಪಿಲ್ಲದೆ ಒಪ್ಪಿಸುವ ಹುಡುಗನು ಈ ಹುಸಿಮೀನಿನ ಪ್ರಶ್ನೆಗೆ ಮೌನಿಯಾದರೆ, ಆ ಕಲಿಕೆ ಅಂಕಪಟ್ಟಿಗಷ್ಟೇ ಸೀಮಿತವಾಯಿತೆಂದೇ ಅರ್ಥ. ನಿಂತ ನೀರಿನ ತತ್ತ್ವವೊಂದನ್ನೇ ಬೋಧಿಸಿ, ಹರಿವ ನೀರಿನ ತತ್ತ್ವವನ್ನು ಕೈಗೆ ತಾಕಿಸದಿರುವುದು ಬೋಧಕರಾದ ನಮ್ಮ ಕೊರತೆ.

ಜೀವಹಿಂಸೆಯನ್ನು ಕಲಿಸಬೇಕೆ ಎಂದು ಕೆಲವರು ಆಕ್ಷೇಪಿಸಬಹುದು. ಪ್ರಯೋಗಕ್ಕೆ ಕೊಕ್ಕೆಯ ಅಗತ್ಯವೇ ಇಲ್ಲ. ಬೆಂಡಿನ ತುಂಡು, ಹೊಟ್ಟೆಗೆ ಒಂದು ಸಣ್ಣ ಮೊಳೆ, ಪ್ಲಾಸ್ಟಿಕ್ ಮುಚ್ಚಳದಿಂದ ಕತ್ತರಿಸಿದ ತುಟಿ, ಒಂದು ದಾರ, ಇಷ್ಟು ಸಾಕು. ಮಳೆ ಕಡಿಮೆಯಾದ ಜಗಳೂರಿನಲ್ಲಿಯೂ ಸಿಮೆಂಟಿನ ತೊಟ್ಟಿಯೊಂದು ಇದಕ್ಕೆ ಒದಗೀತು. ತುಟಿಯ ಓರೆಯನ್ನೂ ಎಳೆಯುವ ವೇಗವನ್ನೂ ಬದಲಿಸಿ ಆಳವನ್ನು ಅಳೆದು ನಕ್ಷೆ ಬರೆಯಿರಿ. ಆಳವರಿಯದ ಕೆರೆಗೆ ಒಬ್ಬರೇ ಹೋಗಬೇಡಿರಿ. ಮುಂದೆ ಗಾಳ ಹಾಕುವ ಮನಸ್ಸಾದರೆ, ಕೆರೆಯ ಮೀನು ಹಿಡಿಯುವ ಹಕ್ಕನ್ನು ಗುತ್ತಿಗೆ ಪಡೆದವರಿದ್ದಾರೆಂಬುದನ್ನು ನೆನೆದು ಅನುಮತಿ ಪಡೆಯಿರಿ. ಕೊಳೆಯದ ನೈಲಾನ್ ದಾರವನ್ನು ದಡದಲ್ಲಿ ಬಿಡಬೇಡಿರಿ, ಅದು ಹಕ್ಕಿಗಳ ಕಾಲಿಗೆ ಉರುಳಾಗುತ್ತದೆ.

ಉಪಕರಣಗಳಿಲ್ಲವೆಂಬ ಕೊರಗು ನಮ್ಮ ಊರುಗಳಲ್ಲಿ ಹಳೆಯದು. ನೀರು, ಬೆಂಡು, ದಾರಗಳಿರುವೆಡೆ ಆ ಕೊರಗಿಗೆ ಕಾರಣವಿಲ್ಲ.