ಸೋಮವಾರದ ಧಾರಣೆ

ಬ್ಯಾಡಗಿಯಲ್ಲಿ ಸೋಮವಾರವೆಂದರೆ ಮೆಣಸಿನಕಾಯಿಯ ದಿನ. ಚೀಲದ ಬಾಯಿ ಬಿಚ್ಚಿ, ತಳದವರೆಗೂ ಕೈಯಿಳಿಸಿ, ಬಣ್ಣ ನೋಡಿ, ಸುಕ್ಕು ನೋಡಿ, ಮುರಿದು ತೇವ ನೋಡಿ, ಅನಂತರವೇ ಬೆಲೆ ಕಟ್ಟುವುದು ಅಲ್ಲಿಯ ವಾಡಿಕೆ. ಮೇಲಿನ ನಾಲ್ಕು ಕಾಯಿಯ ಅಂದಕ್ಕೆ ಮರುಳಾದವನು ಆ ಪೇಟೆಯಲ್ಲಿ ಬಹುಕಾಲ ಬಾಳಲಾರ.

2023ರ ನವೆಂಬರ್ 20ರ ಸೋಮವಾರ, ಅಲ್ಲಿಯ ದಲಾಲಿ ಅಂಗಡಿಯೊಂದರ ಗಾದಿಯ ಮೇಲೆ ಒಂದೇ ಕಾಯಿ ನೋಡಿ ಇಡೀ ಚೀಲಕ್ಕೆ ಬೆಲೆ ಕಟ್ಟುವ ಕೆಲಸ ಭರದಿಂದ ಸಾಗಿತ್ತು. ಹಿಂದಿನ ದಿನ ಅಹಮದಾಬಾದಿನಲ್ಲಿ, ಸತತವಾಗಿ ಹತ್ತು ಪಂದ್ಯ ಗೆದ್ದು ಬಂದಿದ್ದ ಭಾರತ ವಿಶ್ವಕಪ್ಪಿನ ಅಂತಿಮ ಪಂದ್ಯದಲ್ಲಿ ಆಸ್ಟ್ರೇಲಿಯಕ್ಕೆ ಆರು ವಿಕೆಟ್ಟುಗಳಿಂದ ಮಣಿದಿತ್ತು. ಆ ಆಸ್ಟ್ರೇಲಿಯವಾದರೋ ತನ್ನ ಮೊದಲೆರಡು ಪಂದ್ಯಗಳನ್ನೂ ಸೋತು ಆರಂಭಿಸಿದ ತಂಡ. ಇಂಥ ಸೋಲಿಗೆ ಹೊಣೆಗಾರನೊಬ್ಬ ಬೇಕೇಬೇಕಲ್ಲವೆ? 107 ಎಸೆತಗಳಲ್ಲಿ 66 ರನ್ನು, ಅದರಲ್ಲಿ ಒಂದೇ ಒಂದು ಬೌಂಡರಿ: ಮಂಗಳೂರಿನ ಕಡೆ ಬೆಳೆದ ಕೆ. ಎಲ್. ರಾಹುಲ್ ಸಿಕ್ಕಿಬಿದ್ದರು.

ಅಂಗಡಿಯ ಯುವಕನೂ ರಾತ್ರಿಯೇ ತನ್ನ ಪಾಲನ್ನು ಬರೆದು ಜಾಲತಾಣಕ್ಕೆ ಹಾಕಿದ್ದ. ಬ್ಯಾಡಗಿಯ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂಬುದು ಲೋಕಪ್ರಸಿದ್ಧ. ಅವನು ಬರೆದುದರಲ್ಲಿ ಬಣ್ಣವೇನೂ ಇರಲಿಲ್ಲ.

ಲೆಕ್ಕ ಬರೆಯುವ ಹಿರಿಯರು ಕನ್ನಡಕದ ಮೇಲಿಂದ ನೋಡಿ ಕೇಳಿದರು: “ತಳಕ್ಕ ಕೈ ಹಾಕಿದೇನು, ತಮ್ಮಾ? ಚೆನ್ನೈ ಮ್ಯಾಚಿನ್ಯಾಗ ನಿಂತಾಂವ ಯಾರು?”

ಅಕ್ಟೋಬರ್ 8ರಂದು, ಇದೇ ಆಸ್ಟ್ರೇಲಿಯದೆದುರು, ಎರಡು ರನ್ನಿಗೆ ಮೂವರು ಮರಳಿದ್ದಾಗ ನಿಂತು 97 ಹೊಡೆದು ಗೆಲ್ಲಿಸಿದವರು ರಾಹುಲರೇ.

“ಅದು ಬ್ಯಾರೆ ಬಿಡ್ರಿ, ಕಾಕಾ” ಎಂದ ಯುವಕ.

ಸೋಲಿಗೆ ಕೆರಳುವುದು ಈ ಅಂಗೈಯ ಯಂತ್ರದಿಂದಲೇ ಹುಟ್ಟಿದ ರೋಗವೆಂದರೆ ಅನ್ಯಾಯವಾದೀತು. 2007ರ ಮಾರ್ಚ್ 17ರಂದು ಪೋರ್ಟ್ ಆಫ್ ಸ್ಪೇನಿನಲ್ಲಿ ದ್ರಾವಿಡರ ತಂಡ ಬಾಂಗ್ಲಾದೇಶಕ್ಕೆ ಸೋತಾಗ, ರಾಂಚಿಯಲ್ಲಿ ಧೋನಿಯವರು ಕಟ್ಟಿಸುತ್ತಿದ್ದ ಮನೆಯ ಮೇಲೆ ಜನ ಏರಿಹೋಗಿದ್ದರು. ಆದರೆ ಅದಕ್ಕೆ ರಾಂಚಿಯವರೇ ಆಗಬೇಕಿತ್ತು. ಬ್ಯಾಡಗಿಯ ಕೋಪಿಷ್ಠನೊಬ್ಬ ರೈಲು ಹಿಡಿದು ಹೊರಟಿದ್ದರೆ, ಹುಬ್ಬಳ್ಳಿಯಲ್ಲಿ ಹಸಿವಾಗಿ ಇಳಿದು, ಊಟ ಮಾಡಿ, ಮನೆಗೆ ಮರಳುತ್ತಿದ್ದ. ಈಗ ಆ ಹುಬ್ಬಳ್ಳಿಯೇ ಇಲ್ಲ. ಹೆಬ್ಬೆರಳು ಎತ್ತಿದರೆ ಕಲ್ಲು ನೇರವಾಗಿ ಹೋಗಿ ಬೀಳುತ್ತದೆ. ಯಾರಿಗೆ ತಾಗಿತೆಂದು ಎಸೆದವನು ನೋಡಬೇಕಾಗಿಯೂ ಇಲ್ಲ. ಆ ರಾತ್ರಿ ಗೆದ್ದವರ ಮನೆಗೂ ಕಲ್ಲು ಬಿದ್ದವು. ಆಸ್ಟ್ರೇಲಿಯದ ಮ್ಯಾಕ್ಸ್‌ವೆಲ್ಲರ ಪತ್ನಿ, ಭಾರತೀಯ ಮೂಲದ ಹೆಣ್ಣುಮಗಳು, ತಮಗೆ ಬಂದ ಹೊಲಸು ಸಂದೇಶಗಳ ವಿಷಯವನ್ನು ತಾವೇ ಬಹಿರಂಗವಾಗಿ ಬರೆಯಬೇಕಾಯಿತು. ಗಂಡನ ತಂಡ ಗೆದ್ದದ್ದೇ ಆಕೆಯ ಅಪರಾಧ!

ಮುಂದೆ ಮತ್ತೊಂದು ಸೋಮವಾರ ಬಂತು: 2025ರ ಮಾರ್ಚ್ 10. ಹಿಂದಿನ ರಾತ್ರಿ ದುಬೈಯಲ್ಲಿ ನ್ಯೂಜಿಲೆಂಡಿನೆದುರು ಚಾಂಪಿಯನ್ಸ್ ಟ್ರೋಫಿಯ ಅಂತಿಮ ಪಂದ್ಯ. 252ರ ಗುರಿ ಮುಟ್ಟಿದಾಗ 34 ರನ್ನು ಗಳಿಸಿ ಔಟಾಗದೆ ಉಳಿದಿದ್ದವರು ರಾಹುಲ್. ಅಂಗಡಿಯಲ್ಲಿ ಅದೇ ಗಾದಿ, ಅದೇ ಯುವಕ. ಕೈಯಲ್ಲಿದ್ದ ಚಿತ್ರದಲ್ಲಿ ಮಾತ್ರ ರಾಹುಲರ ಕೊರಳಿಗೆ ಹೂಮಾಲೆ.

ಹಿರಿಯರು ಲೆಕ್ಕದಿಂದ ತಲೆಯೆತ್ತಲಿಲ್ಲ. “ಅವತ್ತ ಬರದದ್ದನ್ನ ಅಳಿಸೀಯೇನು, ತಮ್ಮಾ?”

ಯುವಕನ ಹೆಬ್ಬೆರಳು ಹದಿನಾರು ತಿಂಗಳಷ್ಟು ಹಿಂದಕ್ಕೆ ಓಡಿತು. ಸಿಕ್ಕಿತು. ಓದಿಕೊಂಡ, ಕಿವಿ ಕೆಂಪಾಯಿತು. ಅಳಿಸಿದ.

“ನಂದು ಅಳಿಸಿದೆ, ಕಾಕಾ. ಅದನ್ನ ತಗೊಂಡು ಮುಂದ ಕಳಿಸಿದವರು ಯಾರ್ಯಾರೋ ಅದಾರ.”

ಹಿರಿಯರು ಏನನ್ನೋ ಹೇಳಹೊರಟಿದ್ದರು. ಅಷ್ಟರಲ್ಲಿ ರೈತನೊಬ್ಬ ಬಾಗಿಲಲ್ಲಿ ಬಂದು ನಿಂತು, ತನ್ನ ಕಾಯಿಗೆ ಎಷ್ಟು ಬಂತೆಂದು ಕೇಳಿದ.