ನಲವತ್ತು ಮೆಗಾವಾಟ್ ಹೇಳುವ ಕಥೆ

ನಮ್ಮ ರಾಯಚೂರಿನಲ್ಲಿ ವಿದ್ಯುತ್ ಎಂದರೆ ಎಲ್ಲರಿಗೂ ನೆನಪಾಗುವುದು ಶಕ್ತಿನಗರದ ಚಿಮಣಿಗಳು. ಆದರೆ ದೇಶದ ವಿದ್ಯುತ್ ಚರಿತ್ರೆಯಲ್ಲಿ ಊರಿನ ಹೆಸರು ಇನ್ನೊಂದು ಕಾರಣಕ್ಕೂ ಬರುತ್ತದೆ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕೆ.ವಿ. ಮಾರ್ಗ ಚಾಲೂ ಆದಾಗ ದಕ್ಷಿಣದ ವಿದ್ಯುತ್ ಜಾಲ ಉಳಿದ ದೇಶದ ಜಾಲದೊಂದಿಗೆ ಒಂದಾಯಿತು. 2023ರಲ್ಲಿ ಮಳೆ ಕೈಕೊಟ್ಟಾಗ ಕರ್ನಾಟಕವು ಉತ್ತರ ಪ್ರದೇಶ ಮತ್ತು ಪಂಜಾಬ್‌ನಿಂದ ವಿದ್ಯುತ್ ಪಡೆದದ್ದು ಹಣಕ್ಕಲ್ಲ, ಮುಂದೆ ವಿದ್ಯುತ್ತನ್ನೇ ವಾಪಸ್ ಕೊಡುವ ಕರಾರಿನ ಮೇಲೆ. ಪಕ್ಕದ ಮನೆಯಿಂದ ಸೇರು ಜೋಳ ಕೈಗಡ ತಂದ ಹಾಗೆ.

ರಾಜ್ಯಗಳ ನಡುವೆ ನಡೆಯುವ ಈ ಲೆಕ್ಕ ದೇಶಗಳ ನಡುವೆಯೂ ನಡೆದೀತೇ? ನೇಪಾಳ, ಭಾರತ ಮತ್ತು ಬಾಂಗ್ಲಾದೇಶ ಈಗ ಅದನ್ನು ಸಣ್ಣದಾಗಿ ಪರೀಕ್ಷಿಸುತ್ತಿವೆ. 2024ರ ಅಕ್ಟೋಬರ್ 3ರಂದು ಕಠ್ಮಂಡುವಿನಲ್ಲಿ ಮೂರೂ ದೇಶಗಳ ವಿದ್ಯುತ್ ಸಂಸ್ಥೆಗಳು ಸಹಿ ಹಾಕಿದ ಒಪ್ಪಂದದಂತೆ, ಪ್ರತಿವರ್ಷ ಜೂನ್ 15ರಿಂದ ನವೆಂಬರ್ 15ರವರೆಗೆ ನೇಪಾಳ 40 ಮೆಗಾವಾಟ್ ವಿದ್ಯುತ್ತನ್ನು ಭಾರತದ ತಂತಿಗಳ ಮೂಲಕ ಬಾಂಗ್ಲಾದೇಶಕ್ಕೆ ಮಾರುತ್ತದೆ. ದರ ಯೂನಿಟ್‌ಗೆ 6.4 ಅಮೆರಿಕನ್ ಸೆಂಟ್.

ನಲವತ್ತು ಮೆಗಾವಾಟ್ ಎಂದರೆ ದೊಡ್ಡ ದೇಶವೊಂದಕ್ಕೆ ಲೆಕ್ಕಕ್ಕೇ ಬಾರದ ಪ್ರಮಾಣ. ಆದರೂ ಇದರ ಹಿಂದಿನ ತರ್ಕ ಗಟ್ಟಿಯಾಗಿದೆ. ಮಳೆಗಾಲದಲ್ಲಿ ನೇಪಾಳದ ನದಿಗಳು ತುಂಬಿ ಹರಿಯುತ್ತವೆ, ಆಗ ಉತ್ಪಾದನೆ ಅಲ್ಲಿನ ಬೇಡಿಕೆಯನ್ನೂ ಮೀರುತ್ತದೆ. ಬಹುತೇಕ ಘಟಕಗಳು ಹರಿವ ನೀರನ್ನೇ ನಂಬಿದವು, ದೊಡ್ಡ ಜಲಾಶಯಗಳಿಲ್ಲ. ಮಾರದಿದ್ದರೆ ಆ ನೀರು ಸುಮ್ಮನೆ ಹರಿದು ಹೋಗುತ್ತದೆ. ಇದೇ ತಿಂಗಳುಗಳಲ್ಲಿ ಸೆಕೆಯಿಂದಾಗಿ ಬಾಂಗ್ಲಾದೇಶದ ಬೇಡಿಕೆ ಏರಿರುತ್ತದೆ. ಆ ದೇಶವೋ ಡಾಲರ್ ಕೊಟ್ಟು ಅನಿಲ, ಕಲ್ಲಿದ್ದಲು, ತೈಲ ತರಿಸಿಕೊಳ್ಳುತ್ತದೆ. 2022ರಲ್ಲಿ ಉಕ್ರೇನ್ ಯುದ್ಧದಿಂದ ಅನಿಲದ ಬೆಲೆ ಗಗನಕ್ಕೇರಿದಾಗ ಅಲ್ಲಿ ಮತ್ತೆ ಲೋಡ್ ಶೆಡ್ಡಿಂಗ್ ಬಂತು. ಎಲ್ಲೋ ದೂರದ ಯುದ್ಧಕ್ಕೆ ಢಾಕಾದ ಕಾರ್ಖಾನೆ ಕತ್ತಲಾಗುವುದಾದರೆ, ಪಕ್ಕದ ಹಿಮಾಲಯದ ನೀರು ಎಷ್ಟು ಬೆಲೆಬಾಳುತ್ತದೆ ಎಂದು ಯೋಚಿಸಿ.

ನಾನು ಗಮನಿಸಿದ ಮುಖ್ಯ ಸಂಗತಿ ಬೇರೆ. ಈ ಒಪ್ಪಂದಕ್ಕೆ ಮೊದಲು 2024ರ ಜುಲೈ ಕೊನೆಯಲ್ಲಿ ಸಹಿ ಬೀಳಬೇಕಿತ್ತು. ಬಾಂಗ್ಲಾದೇಶದಲ್ಲಿ ವಿದ್ಯಾರ್ಥಿಗಳ ಚಳವಳಿ ಜೋರಾಗಿ ಅದು ಮುಂದೆ ಹೋಯಿತು. ಆಗಸ್ಟ್ 5ರಂದು ಶೇಖ್ ಹಸೀನಾ ದೇಶ ಬಿಟ್ಟರು, ದೆಹಲಿ–ಢಾಕಾ ಸಂಬಂಧ ಹಳಸಿತು. ಆದರೂ ಎರಡೇ ತಿಂಗಳಲ್ಲಿ ಸಹಿ ಆಯಿತು. 2025ರ ಮೇ ತಿಂಗಳಲ್ಲಿ ಭಾರತ ಬಾಂಗ್ಲಾದ ಸಿದ್ಧ ಉಡುಪುಗಳಿಗೆ ಭೂಮಾರ್ಗದ ಬಾಗಿಲು ಮುಚ್ಚಿತು. ಮರು ತಿಂಗಳ 15ರಂದು ನೇಪಾಳದ ವಿದ್ಯುತ್ ಮಾತ್ರ ಸಮಯಕ್ಕೆ ಸರಿಯಾಗಿ ಹರಿಯಿತು. ಉಡುಪು ನಿಂತಿತು, ತಂತಿ ನಿಲ್ಲಲಿಲ್ಲ!

ಇದಕ್ಕೆ ಎದುರಾಗಿ ಸಾರ್ಕ್ ಅನ್ನು ಇಟ್ಟು ನೋಡಿ. 1985ರಲ್ಲಿ ಢಾಕಾದಲ್ಲಿ ಹುಟ್ಟಿದ ಸಂಘಟನೆ ಅದು. ಅದರ ಎರಡನೇ ಶೃಂಗಸಭೆ 1986ರಲ್ಲಿ ನಡೆದದ್ದು ನಮ್ಮ ಬೆಂಗಳೂರಿನಲ್ಲೇ (ನನ್ನ ಎಷ್ಟೋ ಗೆಳೆಯರಿಗೆ ಇದು ಗೊತ್ತೇ ಇರಲಿಲ್ಲ). 2014ರ ಕಠ್ಮಂಡು ಸಭೆಯ ನಂತರ ಶೃಂಗಸಭೆಯೇ ನಡೆದಿಲ್ಲ. ಉರಿ ದಾಳಿಯ ಬಳಿಕ 2016ರ ಇಸ್ಲಾಮಾಬಾದ್ ಸಭೆ ರದ್ದಾಯಿತು. ದಕ್ಷಿಣ ಏಷ್ಯಾದ ದೇಶಗಳ ಒಟ್ಟು ವ್ಯಾಪಾರದಲ್ಲಿ ಪರಸ್ಪರ ವ್ಯಾಪಾರದ ಪಾಲು ಶೇ 5ರ ಆಸುಪಾಸು. ಆಸಿಯಾನ್‌ನಲ್ಲಿ ಅದು ಶೇ 20ಕ್ಕಿಂತ ಹೆಚ್ಚು. ತಮಾಷೆಯೆಂದರೆ, ಕೊನೆಯ ಆ ಸಭೆಯಲ್ಲೇ ವಿದ್ಯುತ್ ಸಹಕಾರದ ಚೌಕಟ್ಟು ಒಪ್ಪಂದಕ್ಕೂ ಸಹಿ ಬಿದ್ದಿತ್ತು. ಕಾಗದ ಅಲ್ಲಿಯೇ ಉಳಿಯಿತು, ಕೆಲಸ ಮೂರು ದೇಶಗಳ ವಿದ್ಯುತ್ ಸಂಸ್ಥೆಗಳಿಂದ ಆಯಿತು.

ಆದ್ದರಿಂದ ಎಂಟೂ ದೇಶಗಳು ಒಮ್ಮತಕ್ಕೆ ಬರಲಿ ಎಂದು ಕಾಯುವುದಕ್ಕಿಂತ, ಎರಡು ಮೂರು ದೇಶಗಳು ಸೇರಿ ನಿಲ್ಲಿಸಿದರೆ ಎಲ್ಲರಿಗೂ ನಷ್ಟವಾಗುವಂಥ ಕೆಲಸ ಶುರುಮಾಡುವುದೇ ಮೇಲು ಎಂಬುದು ನನ್ನ ಅನಿಸಿಕೆ. ಭೂತಾನ್ ಇದಕ್ಕೆ ಹಳೆಯ ಸಾಕ್ಷಿ. ಭಾರತದ ನೆರವಿನಿಂದ ಕಟ್ಟಿದ 336 ಮೆಗಾವಾಟ್‌ನ ಚುಖಾ ಯೋಜನೆಯಿಂದ ಆರಂಭವಾದ ಜಲವಿದ್ಯುತ್ ಮಾರಾಟ ಇಂದಿಗೂ ಆ ಪುಟ್ಟ ದೇಶದ ಆದಾಯದ ಒಂದು ಆಧಾರ.

ಇಲ್ಲಿ ಭಾರತದ ಪಾತ್ರದ ಬಗ್ಗೆ ನಾವು ಪ್ರಾಮಾಣಿಕವಾಗಿ ಮಾತಾಡಬೇಕು. ನೇಪಾಳಕ್ಕೂ ಬಾಂಗ್ಲಾದೇಶಕ್ಕೂ ನಡುವೆ ಇರುವುದು ಸಿಲಿಗುರಿಯ ಕಿರಿದಾದ ಭೂಪಟ್ಟಿ. ಬೀಗದ ಕೈ ನಮ್ಮ ಬಳಿ ಇದೆ. ನೇಪಾಳದ ಯಾವ ಘಟಕದ ವಿದ್ಯುತ್ ನಮ್ಮ ಜಾಲಕ್ಕೆ ಬರಬೇಕೆಂಬುದಕ್ಕೆ ನಮ್ಮ ಅನುಮತಿ ಬೇಕು. ಚೀನಾದ ಪಾಲಿರುವ ಯೋಜನೆಗಳಿಗೆ ಅದು ಸಿಗುವುದಿಲ್ಲ. ಭದ್ರತೆಯ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೆ ಒಂದೊಂದು ಘಟಕಕ್ಕೂ ವರ್ಷಗಟ್ಟಲೆ ಕಾಯಿಸಿದರೆ, ಅಣೆಕಟ್ಟಿಗೆ ಸಾಲ ಮಾಡಿದ ಬಡ ದೇಶ ಬಡ್ಡಿ ಕಟ್ಟುವುದು ಹೇಗೆ? ಹತ್ತು ವರ್ಷಗಳಲ್ಲಿ 10,000 ಮೆಗಾವಾಟ್ ಕೊಳ್ಳುವುದಾಗಿ ಭಾರತ 2024ರ ಜನವರಿಯಲ್ಲಿ ನೇಪಾಳದೊಂದಿಗೆ ಒಪ್ಪಂದ ಮಾಡಿಕೊಂಡಿದೆ. ಅದನ್ನು ಉಪಕಾರವೆಂದು ತಿಳಿಯದೆ, ಸಂಜೆ ಸೂರ್ಯ ಮುಳುಗಿದ ಮೇಲೆ ನಮ್ಮ ಸೌರ ವಿದ್ಯುತ್ತಿನ ಕೊರತೆ ತುಂಬುವ ಸ್ವಂತ ಅಗತ್ಯವೆಂದು ತಿಳಿದರೆ ಅನುಮತಿಗಳೂ ಬೇಗ ಬಂದಾವು.

ನವೆಂಬರ್ 15ಕ್ಕೆ ಬಾಂಗ್ಲಾದೇಶಕ್ಕೆ ಹೋಗುವ ವಿದ್ಯುತ್ ನಿಲ್ಲುತ್ತದೆ. ಚಳಿಗಾಲದಲ್ಲಿ ಹಿಮಾಲಯದ ನದಿಗಳು ಸೊರಗುತ್ತವೆ. ಆಗ ಬಿಹಾರದ ಮುಜಫ್ಫರ್‌ಪುರದಿಂದ ನೇಪಾಳದ ಢಲ್ಕೇಬರ್‌ಗೆ ಹೋಗುವ ಅದೇ ಮಾರ್ಗದಲ್ಲಿ ವಿದ್ಯುತ್ ಹಿಮ್ಮುಖವಾಗಿ ಹರಿದು, ಭಾರತದ ಕಲ್ಲಿದ್ದಲು ಕಠ್ಮಂಡುವಿನ ದೀಪ ಉರಿಸುತ್ತದೆ.